ಕಾಲು ಉಳುಕಿದ ಕೂಡಲೇ ಬಿಸಿ ಎಣ್ಣೆ ಹಾಕಿ ತಿಕ್ಕಬಹುದೇ?

ಆಟದಲ್ಲಿ ಕಾಲು ಉಳುಕಿದಾಗ ಸುತ್ತ ನಿಂತವರಿಂದ ಬರುವ ಮೊದಲ ಸಲಹೆ: ‘ನರ ಹೊರಳಿದೆ, ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿ.’ ಇದು ಸರಿಯೇ?

ನಿಜವಾಗಿ ಆಗುವುದೇನು?

ಉಳುಕಿನಲ್ಲಿ ನರ ಹೊರಳುವುದಿಲ್ಲ. ಪಾದ ಒಳಕ್ಕೆ ಮಡಚಿದಾಗ ಕಣಕಾಲಿನ ಹೊರಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಎಳೆದು, ಕೆಲವೊಮ್ಮೆ ಹರಿಯುತ್ತದೆ. ಜೊತೆಗೆ ಸಣ್ಣ ರಕ್ತನಾಳಗಳು ಒಡೆಯುವುದರಿಂದ ಊತ ಬರುತ್ತದೆ, ಚರ್ಮ ನೀಲಿಗಟ್ಟುತ್ತದೆ. ಆಗಲೇ ಬಿಸಿ ಶಾಖ ಕೊಟ್ಟರೆ ಅಲ್ಲಿಗೆ ರಕ್ತ ಹರಿಯುವುದು ಹೆಚ್ಚಿ ಊತವೂ ಹೆಚ್ಚಬಹುದು. ಜೋರಾಗಿ ತಿಕ್ಕಿದರೆ ಪೆಟ್ಟಾದ ಜಾಗಕ್ಕೆ ಮತ್ತೆ ಪೆಟ್ಟು. ಮೊದಲ 2–3 ದಿನ ಇವೆರಡೂ ಬೇಡ.

ಐಸ್ ಹಾಕಿದರೆ ಬೇಗ ವಾಸಿಯಾಗುತ್ತದೆಯೇ?

ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರದಲ್ಲಿಡುವುದು ಎಂಬ ‘ರೈಸ್’ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ಣ ವಿಶ್ರಾಂತಿ ಗಾಯ ಮಾಗುವುದನ್ನು ತಡಮಾಡಬಹುದು ಎಂದು 2014ರಲ್ಲಿ ಅವರೇ ಬರೆದರು. ಏಕೆಂದರೆ ಉರಿಯೂತ ಎನ್ನುವುದು ದೇಹದ ರಿಪೇರಿ ಕೆಲಸದ ಮೊದಲ ಹಂತ. ಹಾಗೆಂದು ಐಸ್ ವಿಷವಲ್ಲ. ನೋವು ಕಡಿಮೆ ಮಾಡಲು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಬಹುದು. ಬರಿ ಚರ್ಮದ ಮೇಲೆ ಇಡಬೇಡಿ.

ಹಾಗಾದರೆ ಏನು ಮಾಡಬೇಕು?

• ಆಟ ಅಲ್ಲಿಗೇ ನಿಲ್ಲಿಸಿ.
• ಕ್ರೇಪ್ ಬ್ಯಾಂಡೇಜ್ ಸುತ್ತಿ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ ಅಥವಾ ನೀಲಿಯಾದರೆ ಕೂಡಲೇ ಸಡಿಲಿಸಿ.
• ಮಲಗಿದಾಗ ಕಾಲಿನ ಕೆಳಗೆ ದಿಂಬಿಡಿ.
• ನೋವು ತಡೆಯುವಷ್ಟಾದರೆ ಒಂದೆರಡು ದಿನದ ಬಳಿಕ ಪಾದವನ್ನು ನಿಧಾನವಾಗಿ ಆಡಿಸಿ, ಸ್ವಲ್ಪ ಸ್ವಲ್ಪವೇ ನಡೆಯಿರಿ. ವಾರಗಟ್ಟಲೆ ಅಲುಗಾಡದೆ ಮಲಗಿದರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ.

ಮೂಳೆ ಮುರಿದಿದ್ದರೆ?

‘ಬೆರಳು ಆಡಿಸಲು ಬಂದರೆ ಮೂಳೆ ಮುರಿದಿಲ್ಲ’ ಎಂಬುದು ಅಪಾಯಕಾರಿ ನಂಬಿಕೆ. ಮುರಿದಿದ್ದರೂ ಬೆರಳು ಆಡಬಹುದು. ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ವೈದ್ಯರು ಬಳಸುವ ‘ಒಟ್ಟಾವಾ ನಿಯಮ’ 1992ರಲ್ಲಿ ಕೆನಡಾದಲ್ಲಿ ರೂಪುಗೊಂಡಿತು. ಅದರ ಮುಖ್ಯ ಪ್ರಶ್ನೆಗಳು ಎರಡು: ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ? ಕಣಕಾಲಿನ ಇಕ್ಕೆಲದ ಉಬ್ಬಿದ ಮೂಳೆಯನ್ನೋ ಪಾದದ ಮೂಳೆಯನ್ನೋ ಒತ್ತಿದರೆ ನೋವಾಗುತ್ತದೆಯೇ? ಹೆಜ್ಜೆ ಇಡಲಾಗದಿದ್ದರೆ ಅಥವಾ ಮೂಳೆಯ ಮೇಲೇ ನೋವಿದ್ದರೆ ಆಸ್ಪತ್ರೆಗೆ ಹೋಗಿ. ಕಾಲು ಸೊಟ್ಟಗಾಗಿದ್ದರೆ, ಮರಗಟ್ಟಿದ್ದರೆ ಸ್ವಲ್ಪವೂ ಕಾಯಬೇಡಿ. ಇಂಥ ಕಾಲನ್ನು ಎಳೆಸಿ, ನೀವಿಸಿ ‘ಕೂರಿಸಲು’ ಹೋದರೆ ಮುರಿದ ಮೂಳೆ ಇನ್ನಷ್ಟು ಸರಿಯಬಹುದು.

ಮತ್ತೆ ಮೈದಾನಕ್ಕೆ ಯಾವಾಗ?

ನೋವು ಹೋಯಿತೆಂದರೆ ವಾಸಿಯಾಯಿತು ಎಂದಲ್ಲ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಾಧ್ಯತೆ ಹೆಚ್ಚು. ನೋವಿಲ್ಲದೆ ಒಂಟಿಗಾಲಲ್ಲಿ ನಿಲ್ಲಲು, ಕುಪ್ಪಳಿಸಲು, ಓಡುತ್ತಾ ತಿರುಗಲು ಬಂದ ಮೇಲಷ್ಟೇ ಆಟಕ್ಕಿಳಿಯಿರಿ. ಗೋಡೆಯ ಪಕ್ಕ ಒಂಟಿಗಾಲಲ್ಲಿ ನಿಲ್ಲುವ ಸರಳ ಅಭ್ಯಾಸವನ್ನು ದಿನವೂ ಮಾಡಿದರೆ ಮತ್ತೊಮ್ಮೆ ಉಳುಕುವ ಅಪಾಯ ತಗ್ಗುತ್ತದೆ.