ನಮ್ಮ ಮುಖದ ಬಣ್ಣ ತೀರ್ಮಾನ ಮಾಡೋರು ಯಾರು?



ಸಿನಿಮಾ ಮುಗಿದ ಮೇಲೆ ಓಡುವ ಹೆಸರುಗಳಲ್ಲಿ 'ಕಲರಿಸ್ಟ್' ಅಂತ ಒಂದು ಬರುತ್ತೆ. ಅಷ್ಟೊತ್ತಿಗೆ ನಾವು ಬೈಕ್ ಸ್ಟ್ಯಾಂಡಲ್ಲಿ ಇರ್ತೀವಿ. ಶೂಟಿಂಗ್ ಆದ ಮೇಲೆ ಕತ್ತಲೆ ರೂಮಲ್ಲಿ ಕೂತು ಒಂದೊಂದೇ ಶಾಟ್‌ನ ಬಣ್ಣ, ಬೆಳಕು ತಿದ್ದೋರು ಇವರು. ಬಂಡೆ ಎಷ್ಟು ಕೆಂಪು, ನಾಯಕಿಯ ಕೆನ್ನೆ ಎಷ್ಟು ಬಿಳಿ, ಕೂಲಿಯವನ ಮುಖ ಕಾಣಬೇಕೋ ನೆರಳಲ್ಲಿ ಕರಗಬೇಕೋ, ಎಲ್ಲಾ ಇವರ ಕೈಲಿ. ಪಕ್ಕದಲ್ಲಿ ನಿರ್ದೇಶಕರು, ಕ್ಯಾಮೆರಾಮನ್ ಕೂತಿರ್ತಾರೆ ಅನ್ನಿ.

ಅಮೆರಿಕದ ಛಾಯಾಗ್ರಾಹಕರು 1919ರಲ್ಲೇ ಸಂಘ ಕಟ್ಟಿಕೊಂಡರು. ಬಣ್ಣದ ಕಸುಬಿನವರ 'ಕಲರಿಸ್ಟ್ ಸೊಸೈಟಿ ಇಂಟರ್‌ನ್ಯಾಷನಲ್' ಹುಟ್ಟಿದ್ದು 2016ರಲ್ಲಿ. ಆಸ್ಕರ್‌ನಲ್ಲಿ ಇವರಿಗೆ ಇವತ್ತಿಗೂ ಪ್ರತ್ಯೇಕ ಪ್ರಶಸ್ತಿ ಇಲ್ಲ. ಕೆಲಸ ಮಾಡಿದವನ ಹೆಸರು ಯಾರಿಗೂ ಗೊತ್ತಾಗದೇ ಇರೋದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

'ನಮಗೂ ಇದಕ್ಕೂ ಏನು ಸಂಬಂಧ' ಅನ್ನೋರು ನಮ್ಮ ದುರ್ಗದ ಕೋಟೆ ನೆನಪಿಸಿಕೊಳ್ಳಿ. ಓಬವ್ವ ಛಲವಾದಿ ಹೆಣ್ಣುಮಗಳು, ಕಾವಲುಗಾರನ ಹೆಂಡತಿ. ಆದರೆ ಕರ್ನಾಟಕ ಕಣ್ಣುಮುಚ್ಚಿದರೆ ಕಾಣೋ ಓಬವ್ವ 1972ರ 'ನಾಗರಹಾವು' ಚಿತ್ರದ್ದು. ಪುಟ್ಟಣ್ಣ ಕಣಗಾಲ್ ತೋರಿಸಿದ ಓಬವ್ವ, ಜಯಂತಿಯವರ ಮುಖದ ಓಬವ್ವ. ಜಯಂತಿಯಮ್ಮನ ಅಭಿನಯದ ಬಗ್ಗೆ ನನಗೆ ಗೌರವ ಇದೆ. 2018ರಲ್ಲಿ ಆ ಚಿತ್ರ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಥಿಯೇಟರ್‌ಗೆ ಬಂತು. ಹಾಗೆ ಹಳೇ ಚಿತ್ರ ತಿದ್ದೋವಾಗ ಕಂಪ್ಯೂಟರ್ ಮುಂದೆ ಕೂತವರ ಕೈಲಿ ಇರೋದು ಬರೀ ಫಿಲ್ಮ್ ಅಲ್ಲ, ನಮ್ಮಜ್ಜಿಯ ಮುಖ. ನಾಳೆ ಯಾರೋ ಓಬವ್ವನ ಮೇಲೆ ಇನ್ನೊಂದು ಸಿನಿಮಾ ಮಾಡಿದರೆ, ಬಿಸಿಲಲ್ಲಿ ನೀರು ಹೊತ್ತ ಆ ಮೈ ಯಾವ ಬಣ್ಣಕ್ಕೆ ತಿರುಗುತ್ತೆ?

ಈ ರೋಗ ಹಳೇದು. ಲ್ಯಾಬಿನವರು ಬಣ್ಣ ಸರಿ ಮಾಡ್ಕೊಳ್ಳಲಿ ಅಂತ ಕೊಡಾಕ್ ಕಂಪನಿ ಕಳಿಸ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ಇದ್ದದ್ದು ಬಿಳಿ ಹೆಣ್ಣುಮಗಳು. ಅವಳು ಚೆನ್ನಾಗಿ ಬಂದರೆ ಎಲ್ಲರೂ ಚೆನ್ನಾಗಿ ಬಂದಂಗೆ! ಕಂದು ಬಣ್ಣ ಸರಿಯಾಗಿ ಮೂಡ್ತಿಲ್ಲ ಅಂತ ಚಾಕಲೇಟ್ ಕಂಪನಿ, ಮರದ ಪೀಠೋಪಕರಣದ ಕಂಪನಿಗಳು ತಕರಾರು ಎತ್ತಿದ ಮೇಲೆ ಆ ಕಡೆ ಗಮನ ಹೋಯ್ತು. ಕಪ್ಪು ಮನುಷ್ಯರಿಗಿಂತ ಮೊದಲು ಚಾಕಲೇಟಿಗೆ ನ್ಯಾಯ ಸಿಕ್ತು.

ತಮಾಷೆ ಏನಂದ್ರೆ ಯಂತ್ರದಲ್ಲಿ ಈ ಭೇದ ಇಲ್ಲ. ಗ್ರೇಡಿಂಗ್ ಸಾಫ್ಟ್‌ವೇರ್‌ನಲ್ಲಿ ವೆಕ್ಟರ್‌ಸ್ಕೋಪ್ ಅಂತ ದುಂಡನೆಯ ಮಾಪಕ ಇರುತ್ತೆ, ಅದರಲ್ಲಿ ಮೈಬಣ್ಣಕ್ಕೆ ಅಂತ ಒಂದು ಗೆರೆ. ಬಿಳಿಯರದಾಗಲಿ, ಆಫ್ರಿಕಾದವರದಾಗಲಿ, ನಮ್ಮದಾಗಲಿ, ಚರ್ಮದ ವರ್ಣ ಹೆಚ್ಚುಕಡಿಮೆ ಅದೇ ಗೆರೆಯ ಹತ್ತಿರ ಬೀಳುತ್ತೆ. ವ್ಯತ್ಯಾಸ ಇರೋದು ಎಷ್ಟು ಗಾಢ, ಎಷ್ಟು ತಿಳಿ ಅನ್ನೋದರಲ್ಲಿ. 'ಸ್ವಲ್ಪ ಫೇರ್ ಮಾಡಿ' ಅನ್ನೋದು ಮನುಷ್ಯರ ಬಾಯಿ.

ಆ ಬಾಯಿ ನಮ್ಮಲ್ಲೂ ಇದೆ, ಹೇಳದೇ ಇರೋಕಾಗಲ್ಲ. ನಮ್ಮಕ್ಕನ ಮಗಳ ಮದುವೆ ವಿಡಿಯೋದಲ್ಲಿ ಹುಡುಗಿ ಸುಣ್ಣ ಬಳಿದ ಗೋಡೆ ಥರ ಕಾಣ್ತಾಳೆ. ಯಾರೂ ಕೇಳಿರಲಿಲ್ಲ, ಸ್ಟುಡಿಯೋದವರು ತಾವಾಗೇ ಮಾಡಿದ್ದು. ಮನೆಯವರಿಗೆ ಖುಷಿಯೋ ಖುಷಿ. ಅವಳೊಬ್ಬಳೇ 'ಇದು ನಾನಲ್ಲ ಮಾಮ' ಅಂದಳು.

ಬೇರೆ ದಾರಿ ಇಲ್ಲ ಅಂತಲ್ಲ. 2016ರ 'ಮೂನ್‌ಲೈಟ್' ನೋಡಿ, ಕಪ್ಪು ಚರ್ಮ ಹೆಂಗೆ ಹೊಳೆಯುತ್ತೆ ಅಂತ. ಪಾ. ರಂಜಿತ್ 2018ರ 'ಕಾಲಾ' ಚಿತ್ರದ ಕೊನೆಯಲ್ಲಿ ಬಣ್ಣಗಳನ್ನೇ ಹೋರಾಟಕ್ಕೆ ಇಳಿಸಿಬಿಟ್ಟರು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಮದುವೆ ವಿಡಿಯೋ ಎಡಿಟ್ ಮಾಡೋ ಹುಡುಗರು ಡಾವಿಂಚಿ ರಿಸಾಲ್ವ್ ಕಲೀಬಹುದು, ಅದರ ಒಂದು ಆವೃತ್ತಿ ಉಚಿತ. ಆದರೆ ಅಲ್ಲಿಂದ ಬೆಂಗಳೂರಿನ ಡಿಐ ಸ್ಟುಡಿಯೋ ತನಕ ಅವರನ್ನ ಕರ್ಕೊಂಡು ಹೋಗೋರು ಬೇಕು. ಗುರುತು ಪರಿಚಯ ಇದ್ದವರಿಗೆ ಮಾತ್ರ ಬಾಗಿಲು ತೆರೆಯೋದಾದ್ರೆ ಸಂಘ ಕಟ್ಟಿ ಏನು ಪ್ರಯೋಜನ? ಕಲರಿಸ್ಟ್‌ಗಳ ಸಂಘ ಹೆಸರಿನ ಮುಂದೆ ಮೂರಕ್ಷರ ಹಾಕ್ಕೊಳ್ಳೋಕೆ ಮಾತ್ರ ಆಗಬಾರದು. ರಾತ್ರಿಯಿಡೀ ಕೂತು ದುಡಿಯೋ ಸಹಾಯಕರಿಗೆ ಕೂಲಿ ಎಷ್ಟು, ಹೆಸರು ಹಾಕ್ತಾರೋ ಇಲ್ವೋ ಅಂತ ಅದು ಕೇಳಬೇಕು. ಕಲಿಸೋವಾಗ ಪರದೆ ಮೇಲೆ ನಮ್ಮಂಥ ಮುಖಗಳನ್ನಿಟ್ಟು ಕಲಿಸಬೇಕು.

2024ರಲ್ಲಿ ರಾಜ್ಯ ಸರ್ಕಾರ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ದುಡಿಮೆಗಾರರ ಕಲ್ಯಾಣಕ್ಕೆ ಕಾಯ್ದೆ ತಂತು. ಟಿಕೆಟ್, ಓಟಿಟಿ ಮೇಲೆ ಶೇ. 1ರಿಂದ 2ರ ತನಕ ಸೆಸ್ ಹಾಕಿ ನಿಧಿ ಮಾಡೋದು ಅದರ ಲೆಕ್ಕ. ಆ ನೋಂದಣಿಯಲ್ಲಿ ಕತ್ತಲೆ ರೂಮಿನ ಹುಡುಗರ ಹೆಸರೂ ಬರಬೇಕು. ತರಬೇತಿಗೆ ಎಸ್‌ಸಿಎಸ್‌ಪಿ ದುಡ್ಡು ಕೇಳೋದರಲ್ಲಿ ನಾಚಿಕೆ ಏನಿಲ್ಲ, ಅದು 2013ರ ಕಾಯ್ದೆ ನಮಗೆ ಕೊಟ್ಟ ಹಕ್ಕು.

ನಮ್ಮ ಜಿಲ್ಲೆಯಲ್ಲಿ ಎಡಿಟಿಂಗ್, ಕಲರ್ ಕೆಲಸ ಮಾಡೋ ತಮ್ಮಂದಿರು, ತಂಗಿಯರು ಯಾರಿದ್ದೀರಿ, ನನಗೊಂದು ಮೆಸೇಜ್ ಹಾಕಿ. ನವೆಂಬರ್ 11ಕ್ಕೆ ಓಬವ್ವ ಜಯಂತಿ. ಅದಕ್ಕೂ ಮುಂಚೆ ದುರ್ಗದಲ್ಲಿ ಒಂದ್ಸಲ ಕೂತು ಮನವಿ ಬರೆಯೋಣ.