ಗ್ರಾಮೀಣ ಸರ್ಕಾರಿ ಶಾಲೆಗಳ ಆಡಳಿತ ಮತ್ತು ಅನುದಾನ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಉಸ್ತುವಾರಿಯಲ್ಲಿ ಪೋಷಕರಿಗೆ ಪಾಲು ನೀಡುವ ಸಲುವಾಗಿ 2001ರ ಸರ್ಕಾರಿ ಆದೇಶದನ್ವಯ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು (ಎಸ್‌ಡಿಎಂಸಿ) ರಚಿಸಲಾಯಿತು. ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೇ ಪ್ರಕರಣದಂತೆ ಇಂತಹ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರಿರತಕ್ಕದ್ದು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರತಕ್ಕದ್ದು.

ಶಿಕ್ಷಕರ ವೇತನವನ್ನು ಸರ್ಕಾರವೇ ಪಾವತಿಸುವುದರಿಂದ ಸಮಿತಿಯ ಕೈಗೆ ಬರುವ ಹಣ ಅಲ್ಪ. ಅದರಲ್ಲಿ ಮುಖ್ಯವಾದುದು ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ. ಯೋಜನೆಯ ವೆಚ್ಚವನ್ನು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. ಯೋಜನೆಯ ಮಾನದಂಡದಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ರೂ. 10,000 ಹಾಗೂ 31ರಿಂದ 100 ಮಕ್ಕಳಿರುವ ಶಾಲೆಗೆ ರೂ. 25,000 ನಿಗದಿಯಾಗಿದೆ. ಅಂದರೆ 31 ಮಕ್ಕಳ ಶಾಲೆಯಿಂದ ಒಂದು ಕುಟುಂಬ ಗುಳೆ ಹೋದರೂ ಮುಂದೆ ರೂ. 15,000 ಕಡಿಮೆಯಾಗಬಹುದು. ಸೋರುವ ಛಾವಣಿಗೆ ಹಾಜರಿ ಪುಸ್ತಕದ ಲೆಕ್ಕ ತಿಳಿಯದು. ಸೀಮೆಸುಣ್ಣ, ಶೌಚಾಲಯದ ಸ್ವಚ್ಛತೆ, ಸಣ್ಣಪುಟ್ಟ ದುರಸ್ತಿ ಎಲ್ಲವೂ ಇದೇ ಮೊತ್ತದಲ್ಲಿ ಆಗಬೇಕು. ಈ ಅನುದಾನದಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಮೀಸಲಿಡುವುದು ಕಡ್ಡಾಯ.

ಇದರಿಂದ ನೀಗದ ಅಗತ್ಯಗಳಿಗೆ ಕಾಯ್ದೆಯ 22ನೇ ಪ್ರಕರಣದಡಿ ಸಮಿತಿಯು ಸಿದ್ಧಪಡಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಆಧಾರ. ಮುಖ್ಯೋಪಾಧ್ಯಾಯರೊಬ್ಬರೇ ಬರೆದು ಸದಸ್ಯರು ಸಹಿ ಮಾಡಿದ ಯೋಜನೆಯಲ್ಲಿ ಊರಿನ ನಿಜವಾದ ಕೊರತೆ ದಾಖಲಾಗದೆ ಹೋಗುವ ಸಂಭವವಿದೆ. ಕೊಠಡಿ, ಕಾಂಪೌಂಡು ಅಥವಾ ದುರಸ್ತಿ ಬಯಸುವ ಪೋಷಕರು ಅದನ್ನು ಯೋಜನೆಯಲ್ಲಿ ಸೇರಿಸುವಂತೆ ಸಮಿತಿಯನ್ನು ಲಿಖಿತವಾಗಿ ಕೋರಬಹುದು. ಅನುದಾನದ ಬಳಕೆಯ ಮೇಲೆ ನಿಗಾ ಇಡುವುದೂ ಇದೇ ಸಮಿತಿಯ ಕರ್ತವ್ಯವಾಗಿರುತ್ತದೆ.