ಬಿಲ್ಲೆಯ ಶಾಶ್ವತತ್ವವೆಂಬ ಭ್ರಾಂತಿ

ಕಂದಿಕೆರೆಯ ಸೀಮೆಯ ವಿದ್ಯಾವಂತ ಕುಟುಂಬಗಳಲ್ಲಿ ಒಂದು ನಂಬಿಕೆ ಬೇರೂರಿರುವುದು. ಮದುವೆಯ ಚಿತ್ರಗಳಾಗಲಿ, ಹಿರಿಯರ ಕಂಠದ ಹಾಡಾಗಲಿ, ವಂಶಾವಳಿಯಾಗಲಿ, ಸೀಡಿಗೆ ಇಳಿಸಿ ಬೀರುವಿನಲ್ಲಿಟ್ಟರೆ ಶಾಶ್ವತವಾಯಿತೆಂಬುದೇ ಆ ನಂಬಿಕೆ. ಅಷ್ಟರಲ್ಲೇ ನಿಂತಿದ್ದರೆ ಆಕ್ಷೇಪಿಸಲು ಕಾರಣವಿರಲಿಲ್ಲ. ಹಾಗೆ ಇಳಿಸಿದ ಬಳಿಕ, ಇನ್ನೇತಕ್ಕೆ ಈ ಧೂಳೆಂದು ಮೂಲದ ಕಾಗದಗಳನ್ನು ರದ್ದಿಗೆ ಹಾಕುವುದುಂಟು, ಅನರ್ಥವಿರುವುದು ಅಲ್ಲಿಯೇ.

ವಿಚಿತ್ರವೆಂದರೆ, ವಸ್ತುವನ್ನು ಕಾದಿರಿಸುವ ವಿದ್ಯೆ ಈ ಸೀಮೆಯವರಿಗೆ ಹೊಸದಲ್ಲ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ವರ್ಷವಾಗುತ್ತ ಬರುವವರೆಗೆ ಗಾಳಿಯಾಡುವಂತೆ ಕಾದು, ಕೈಯಲ್ಲಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಸದ್ದುಮಾಡುವುದನ್ನು ಕೇಳಿದ ಮೇಲಲ್ಲವೆ ಸುಲಿಯುವುದು? ಉಂಡೆಕೊಬ್ಬರಿಯನ್ನು ಇಷ್ಟು ಎಚ್ಚರದಿಂದ ನೋಡಿಕೊಳ್ಳುವವರು ತಮ್ಮ ಮನೆತನದ ನೆನಪನ್ನು ಬೀರುವಿಗೆ ಹಾಕಿ ಮರೆಯುತ್ತಾರೆ. ಕಾಯಿಯಾದರೋ ತನ್ನ ಸ್ಥಿತಿಯನ್ನು ಸದ್ದಿನಿಂದ ತಿಳಿಸುವುದು; ಬಿಲ್ಲೆ ಕೆಟ್ಟರೂ ಬಹುಮಟ್ಟಿಗೆ ಹೊಳೆಯುತ್ತಲೇ ಇರುವುದು.

1982ರಲ್ಲಿ ಮಾರುಕಟ್ಟೆಗೆ ಬಂದ ಈ ಸೀಡಿಯ ದಪ್ಪ 1.2 ಮಿಲಿಮೀಟರು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಬಿಲ್ಲೆಗೂ ಮನೆಯಲ್ಲಿ ಬರೆದುಕೊಂಡ ಬಿಲ್ಲೆಗೂ ಮಹದಂತರವುಂಟು. ಮೊದಲನೆಯದರಲ್ಲಿ ಅಕ್ಷರವೆಂಬುದು ಪ್ಲಾಸ್ಟಿಕ್ಕಿನಲ್ಲಿ ಮೂಡಿದ ಸೂಕ್ಷ್ಮವಾದ ಕುಳಿ. ಎರಡನೆಯದರಲ್ಲಿ ಬಣ್ಣದ ತೆಳುಲೇಪವೊಂದನ್ನು ಲೇಸರ್ ಕಿರಣದಿಂದ ಮಾರ್ಪಡಿಸಿದ ಗುರುತು. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುವಂತೆ ಈ ಬಣ್ಣವೂ ಬೆಳಕು, ಶಾಖ, ತೇವಗಳಿಂದ ಮಾಸತಕ್ಕದ್ದು. ಅದರ ಮೇಲಿರುವ ಲೋಹದ ಪೊರೆಗೆ ರಕ್ಷೆ ತೆಳುವಾದ ಅರಗಿನಂಥ ಲೇಪ ಮಾತ್ರ. ಆದಕಾರಣ ಕೆಳಮೈಯ ಗೀರಿಗಿಂತ, ಹೆಸರು ಬರೆಯಲೆಂದು ಮೇಲ್ಮೈಯಲ್ಲಿ ಒತ್ತಿದ ಬಾಲ್‌ಪೆನ್ನು ಹೆಚ್ಚು ಹಾನಿ ಮಾಡೀತು.

ತಯಾರಕರು ನೂರು, ಇನ್ನೂರು ವರ್ಷಗಳ ಆಯುಸ್ಸನ್ನು ಹೇಳುವರು. ಅಮೆರಿಕದ ಮಾನದಂಡ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಈ ಮಾತು ಉಂಟು. ಆದರೆ ತಕ್ಕ ಸ್ಥಿತಿಯಲ್ಲಿ ಇಟ್ಟರೆ ಎಂಬ ನಿಬಂಧನೆಯೂ ಉಂಟು. ಆ ಸ್ಥಿತಿಯಾದರೂ ಯಾವುದು? ಶಾಖ 4ರಿಂದ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡ 20ರಿಂದ 50. ಚೈತ್ರ ವೈಶಾಖಗಳಲ್ಲಿ ಕಂದಿಕೆರೆಯ ಕಬ್ಬಿಣದ ಬೀರುವಿನೊಳಗೆ ಈ ಹವೆಯನ್ನು ಯಾವ ಪುಣ್ಯಾತ್ಮನು ತಂದಾನು! ಅದೇ ದೇಶದ ರಾಷ್ಟ್ರೀಯ ದಾಖಲೆಗಳ ಭಂಡಾರವು, ಅನುಭವದಲ್ಲಿ ಕಂಡ ಆಯುಸ್ಸು 2ರಿಂದ 5 ವರ್ಷವೇ ಎಂದು ಎಚ್ಚರಿಸಿದೆ.

ಸಾವಿರ ವರ್ಷ ಬಾಳುವ ಬಿಲ್ಲೆಯನ್ನೇ ಕೊಂಡರಾಯಿತಲ್ಲ ಎನ್ನುವವರುಂಟು. ಇರಲಿ, ಓದುವ ಯಂತ್ರವನ್ನು ಎಲ್ಲಿಂದ ತರುವುದು? ಹೊಸ ಲ್ಯಾಪ್‌ಟಾಪುಗಳಲ್ಲಿ ಸೀಡಿ ಹಾಕುವ ಬಾಯಿಯೇ ಅಪೂರ್ವವಾಗಿದೆ. ಬರೆಯಬಹುದಾದ ಬ್ಲೂ-ರೇ ಬಿಲ್ಲೆಗಳ ತಯಾರಿಕೆಯನ್ನು ಸೋನಿ ಸಂಸ್ಥೆ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಗ್ರಂಥದ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ.ಯವರು ನಾಡಿನ ವೃತ್ತಾಂತವನ್ನೆಲ್ಲ ಲೇಸರ್ ಬಿಲ್ಲೆಗಳಿಗೆ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳು ದುರ್ಲಭವಾಗಿ, ವಿದ್ವಾಂಸರು ಕೂಡಿ ಅದನ್ನು ಉದ್ಧರಿಸಬೇಕಾಯಿತು. ಚರ್ಮದ ಮೇಲೆ ಬರೆದ ಮೂಲಗ್ರಂಥವಾದರೋ ಇಂದಿಗೂ ಕಣ್ಣಿಗೆ ಕಾಣುವಂತಿದೆ. ಕನ್ನಡಿಗರ ಸಂಕಟ ಇನ್ನೂ ಒಂದು ಪಟ್ಟು ಹೆಚ್ಚು: ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಅಕ್ಷರಸಂಕೇತಗಳಲ್ಲಿ ಬೆರಳಚ್ಚು ಮಾಡಿದ ಲೇಖನವನ್ನು ಇಂದು ತೆರೆದರೆ, ಆ ಫಾಂಟು ಇಲ್ಲದೆಡೆ ರೋಮನ್ ಲಿಪಿಯ ಪ್ರಲಾಪವಲ್ಲದೆ ಮತ್ತೇನೂ ಕಾಣದು. ಬಿಲ್ಲೆ ಬದುಕಿದ್ದೂ ಬರಹ ಸತ್ತಂತೆ.

ಓಲೆಗೂ ಗೆದ್ದಲು ಹಿಡಿಯಲಿಲ್ಲವೆ, ಕಲ್ಲೂ ಸವೆಯಲಿಲ್ಲವೆ ಎಂದು ಕೇಳಬಹುದು. ನಿಜ. ಹತ್ತನೆಯ ಶತಮಾನದ ಪೊನ್ನನ ‘ಶಾಂತಿಪುರಾಣ’ ಉಳಿದಿದೆ. ಅವನದೇ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ. ಎರಡಕ್ಕೂ ಓಲೆಗರಿ ಒಂದೇ, ಕವಿಯೂ ಒಬ್ಬನೇ. ಮೊದಲನೆಯದಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ ಅಚ್ಚುಹಾಕಿಸಿದ್ದೂ ಇದೇ ಬಗೆಯ ಕೆಲಸ, ಅದರಲ್ಲಿ ಸೇರಿದ ಕಲ್ಲು ಒಡೆದರೂ ಅದರ ಪಾಠ ಪುಸ್ತಕದಲ್ಲಿ ಉಳಿಯುವುದು. ಪೂರ್ವಿಕರು ಓಲೆಯನ್ನು ನಂಬಿ ಕೂರಲಿಲ್ಲ, ಮರುಬರಹವನ್ನು ನಂಬಿದರು. ಸೀಡಿಯ ಭಕ್ತರು ಬಿಟ್ಟುಕೊಟ್ಟಿರುವುದು ಈ ಮರುಬರಹವನ್ನೇ. ಅದೂ ಇಂದು ಪ್ರತಿಯೆತ್ತುವುದಕ್ಕೆ ಕಂಠವೂ ಬೇಡ, ಓಲೆಯೂ ಬೇಡ, ಕೆಲವು ನಿಮಿಷ ಸಾಕಾಗಿರುವಾಗ!

ಬೀರುವಿನಲ್ಲಿ ಮಲಗಿರುವ ಬಿಲ್ಲೆಗಳನ್ನು ಓದುವ ಯಂತ್ರ ಇನ್ನೂ ಸಿಕ್ಕುತ್ತಿರುವಾಗಲೇ ತೆರೆದು, ಅಲ್ಲಿರುವುದನ್ನು ಎರಡು ಬೇರೆ ಹಾರ್ಡ್‌ಡಿಸ್ಕುಗಳಿಗೆ ಇಳಿಸತಕ್ಕದ್ದು. ಅವೂ ಚಿರಂಜೀವಿಗಳಲ್ಲವಾದ್ದರಿಂದ ವರ್ಷಕ್ಕೊಮ್ಮೆ ತೆರೆದು ನೋಡಿ, ನಾಲ್ಕೈದು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸಬೇಕು. ಅವುಗಳಲ್ಲೊಂದು ಕಂದಿಕೆರೆಯಲ್ಲಿರಲಿ, ಮತ್ತೊಂದು ತಿಪಟೂರಿನ ಮಗಳ ಮನೆಯಲ್ಲೋ ಬೆಂಗಳೂರಿನ ಮಗನ ಮನೆಯಲ್ಲೋ ಇರಲಿ. ಅಜ್ಜನ ಕೈಬರಹದ ಕಾಗದಗಳನ್ನಂತೂ, ಅವುಗಳಿಂದ ಎಷ್ಟು ಪ್ರತಿ ತೆಗೆದಿದ್ದರೂ, ರದ್ದಿಯವನ ತಕ್ಕಡಿಗೆ ಹಾಕಕೂಡದು.